ಮಾಚು ಪಿಚು ಪ್ರವಾಸಕ್ಕೆ ಅವಸರ ಬೇಡ

ಮಾನ್ಯರೇ,

ಪೆರುವಿನ ಬೆಟ್ಟಗಳಲ್ಲಿರುವ, ಪ್ರಾಚೀನ ಇಂಕಾ ಜನರ ಪಾಳುನಗರ ಮಾಚು ಪಿಚುವನ್ನು ರೈಲಿನಲ್ಲಿ ಕರೆದೊಯ್ದು ಒಂದೇ ದಿನದಲ್ಲಿ ತೋರಿಸುವ ಪ್ರವಾಸಗಳತ್ತ ಮಂಗಳೂರಿನ ಹಿರಿಯರೂ ಒಲವು ತೋರುತ್ತಿರುವುದು ಸಂತೋಷದ ಸಂಗತಿ. ಆದರೆ ಕಡಲ ತಡಿಯಲ್ಲೇ ಬಾಳಿದವರನ್ನು ಸುಮಾರು 3,400 ಮೀಟರ್ ಎತ್ತರದ ಕುಸ್ಕೋ ನಗರದಲ್ಲಿ ಇಳಿಸಿ, ಮರುದಿನ ನಸುಕಿನಲ್ಲೇ ಹೊರಡಿಸುವುದು ಖಂಡಿತ ಸರಿಯಲ್ಲ. ಎತ್ತರದ ತೆಳುಗಾಳಿಗೆ ಒಗ್ಗದೆ ತಲೆನೋವು, ವಾಕರಿಕೆಯಿಂದ ಬಳಲುವವರು ಏನನ್ನು ತಾನೇ ನೋಡಿಯಾರು? ಕುಸ್ಕೋಗಿಂತ ತಗ್ಗಿನಲ್ಲಿರುವ ಒಲ್ಲಾಂಟಾಯ್ಟಾಂಬೊ ಎಂಬ ಊರಿನಲ್ಲಿ ಎರಡು ರಾತ್ರಿ ತಂಗಿಸಿ, ಉರುಬಂಬಾ ನದಿಯ ದಂಡೆಗುಂಟ ಸಾಗುವ ರೈಲನ್ನು ಅಲ್ಲಿಂದಲೇ ಹತ್ತಿಸಬಹುದು. 15ನೇ ಶತಮಾನದ ಇಂಕಾ ಕುಶಲಕರ್ಮಿಗಳು ಗಾರೆಯಿಲ್ಲದೆ, ಬಿರುಕೇ ಕಾಣದಂತೆ ಕಲ್ಲಿಗೆ ಕಲ್ಲು ಕೂಡಿಸಿ ಬಾಗಿಸಿ ಕಟ್ಟಿದ ಮಾಚು ಪಿಚುವಿನ ಸೂರ್ಯದೇಗುಲದ ಗೋಡೆಯೆದುರು, ಕಾರ್ಕಳದ ಕಲ್ಲುಕೆಲಸ ಬಲ್ಲ ನಾವು, ನೆಮ್ಮದಿಯಾಗಿ ನಿಲ್ಲುವಂತಾಗಬೇಕು. ಆದ್ದರಿಂದ ಆಯೋಜಕರು ತಮ್ಮ ಜಾಹೀರಾತಿನಲ್ಲೇ ಊರುಗಳ ಎತ್ತರವನ್ನೂ ವಿಶ್ರಾಂತಿಯ ರಾತ್ರಿಗಳನ್ನೂ ಸ್ಪಷ್ಟವಾಗಿ ನಮೂದಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಕದ್ರಿ, ಮಂಗಳೂರು