ಬ್ಯಾಂಡ್ ತಾತನ ಯುದ್ಧ: ಗೆಳೆಯನಿಗೊಂದು ಪತ್ರ

ಕೋಲಾರ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಬಂತು. ನಿಮ್ಮ ಮುತ್ತಾತ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ ಕಹಳೆ ಊದುತ್ತಿದ್ದರಂತೆ, ಮೊದಲನೇ ಮಹಾಯುದ್ಧಕ್ಕೆ ಹೋಗಿ ಬಂದರಂತೆ. ಅದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ನಮ್ಮ ತಾತನ ವಿಷಯ ನಾನು ಹುಡುಕಿದ ಬಗೆಯನ್ನೇ ಹೇಳುತ್ತೇನೆ. ನಿನಗೆ ಬೇಕಾದ್ದು ಅದರಲ್ಲೇ ಸಿಗಬಹುದು.

ಊರಲ್ಲಿ ಅವರನ್ನು ಬ್ಯಾಂಡ್ ತಾತ ಅಂತಲೇ ಕರೆಯುತ್ತಿದ್ದರು. ಮುಳಬಾಗಿಲು ಕಡೆಯ ಓಲಗದ ಮನೆತನ ನಮ್ಮದು. ಮದುವೆ, ಜಾತ್ರೆ, ದೇವರ ಉತ್ಸವ ಅಂದರೆ ನಾಗಸ್ವರ, ಡೋಲು, ಶ್ರುತಿ ಹಿಡಿದು ಹೊರಟವರು. ಮನೆತನದಲ್ಲಿ ಕ್ಲಾರಿನೆಟ್ ಹಿಡಿದವರು ತಾತ ಒಬ್ಬರೇ. ಆ ಕ್ಲಾರಿನೆಟ್ ಎಲ್ಲಿ ಕಲಿತರು ಅಂತ ಕೇಳಿದರೆ ದೊಡ್ಡಮ್ಮ, ಮಾವ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಮಿಲಿಟರೀಲಿದ್ರು. ಯುದ್ಧ ಗಿದ್ಧ ಮಾಡ್ಲಿಲ್ಲ, ಸುಮ್ನೆ ಬ್ಯಾಂಡ್ ಊದ್ಕೊಂಡಿದ್ರು."

ಈ ಮಾತಿನಿಂದಲೇ ಮನೆಯವರು ಅವರನ್ನು ಏನೂ ಕೇಳಲಿಲ್ಲ. ಬಂದೂಕು ಹಿಡಿದವರನ್ನಾದರೆ ಮೊಮ್ಮಕ್ಕಳು ಸುತ್ತ ಕೂತು ಕಥೆ ಕೇಳುತ್ತಾರೆ. ಬ್ಯಾಂಡಿನವರನ್ನು ಯಾರು ಕೇಳುತ್ತಾರೆ? ತಾತನೂ ತಾನಾಗಿ ಹೇಳಿದವರಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ನಿಮ್ಮ ಮನೆಯಲ್ಲೂ ಹಾಗೇ ಆಗಿದೆ ಅಂತ ನಿನ್ನ ಕಾಗದ ನೋಡಿದರೆ ಗೊತ್ತಾಗುತ್ತದೆ.

ಪಲ್ಟನ್ನಿನ ಬ್ಯಾಂಡ್ ಏನು ಮಾಡುತ್ತಿತ್ತು ಅನ್ನೋದನ್ನ ಮೊದಲು ತಿಳಿದುಕೋ. ಶಾಂತಿಯ ಕಾಲದಲ್ಲಿ ಪೆರೇಡಿಗೆ, ಸಾಹೇಬರ ಊಟಕ್ಕೆ, ದರ್ಬಾರಿಗೆ ನುಡಿಸುತ್ತಾರೆ. ಯುದ್ಧ ಶುರುವಾದರೆ ವಾದ್ಯಗಳು ಪೆಟ್ಟಿಗೆಗೆ ಹೋಗುತ್ತವೆ. ಅದೇ ಕೈಗಳಿಗೆ ಸ್ಟ್ರೆಚರ್ ಬರುತ್ತದೆ. ಬ್ರಿಟಿಷರ ಸೈನ್ಯದಿಂದ ಬಂದ ಪದ್ಧತಿ ಇದು. ನಮ್ಮ ಸೈನ್ಯದ ಬ್ಯಾಂಡಿನವರಿಗೆ ಈಗಲೂ ಗಾಯಾಳುಗಳನ್ನು ಸಾಗಿಸುವ ತರಬೇತಿ ಇದೆ. ಗುಂಡು ಬೀಳುವ ಕಡೆಗೇ ಹೋಗಿ, ಬಿದ್ದವರನ್ನು ಎತ್ತಿಕೊಂಡು ಬರುವ ಕೆಲಸ. "ಸುಮ್ನೆ ಬ್ಯಾಂಡ್ ಊದ್ಕೊಂಡಿದ್ರು" ಅನ್ನೋ ಮಾತು ಇದರ ಮುಂದೆ ನಿಲ್ಲುತ್ತದಾ, ನೀನೇ ಹೇಳು.

ನನಗೆ ಮೊದಲ ಸುಳಿವು ಸಿಕ್ಕಿದ್ದು ಕಾಗದಪತ್ರದಿಂದಲ್ಲ, ದೊಡ್ಡಮ್ಮನಿಂದ. ಮಿಲಿಟರಿ ಅಂದರೆ ಯಾವ ಮಿಲಿಟರಿ? ಬೆಂಗಳೂರು ದಂಡಿನಲ್ಲಿ ಬ್ರಿಟಿಷರ ಕೈಕೆಳಗಿನ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇತುವೆ ದಾರಿ ಕಟ್ಟುವ ಪಡೆಯವರು, ಇದ್ದರು. ಮೈಸೂರು ಸಂಸ್ಥಾನಕ್ಕೆ ಅದರದೇ ಸೈನ್ಯ ಬೇರೆ ಇತ್ತು. ಎರಡಕ್ಕೂ ನಮ್ಮ ಕಡೆಯ ಹುಡುಗರು ಸೇರುತ್ತಿದ್ದರು. ಮದುವೆ ಮನೆಯಲ್ಲಿ ತಾತ ಮೊದಲು ಏನು ನುಡಿಸುತ್ತಿದ್ದರು ಅಂತ ಕೇಳಿದೆ. ಗಣಪತಿ ಮೇಲಿನ ಕೀರ್ತನೆ ಹೇಳುತ್ತಾರೆ ಅಂದುಕೊಂಡರೆ, ದೊಡ್ಡಮ್ಮ ಗುನುಗಿದ್ದು "ಕಾಯೌ ಶ್ರೀಗೌರಿ". ಬಸವಪ್ಪ ಶಾಸ್ತ್ರಿಗಳು ಬರೆದದ್ದು, ಮೈಸೂರು ಸಂಸ್ಥಾನದ ನಾಡಗೀತೆ. ದೊಡ್ಡಮ್ಮನಿಗೆ ಅದು ಗೌರಮ್ಮನ ಹಾಡು, ಅಷ್ಟೇ. ಗುನುಗಿದ ರೀತಿ ಕೇಳಬೇಕಿತ್ತು ನೀನು. ಗಮಕವಿಲ್ಲ, ಎಳೆದಾಟವಿಲ್ಲ, ಒಂದೊಂದು ಸ್ವರವೂ ನೆಟ್ಟಗೆ, ಸಾಲಿನ ಕೊನೆಗೆ ಸರಿಯಾಗಿ ನಿಲುಗಡೆ. ಓಲಗದ ಮನೆಯಲ್ಲಿ ಹುಟ್ಟಿದವರು ಹಾಗೆ ಹಾಡುವುದಿಲ್ಲ. ಬ್ಯಾಂಡ್ ನುಡಿಸುವುದು ಹಾಗೆ. ತಾತ ಮಹಾರಾಜರ ಪಲ್ಟನ್ನಿನವರೇ ಅಂತ ಅವತ್ತೇ ನನಗೆ ಅನ್ನಿಸಿತು.

ಅದಕ್ಕೆ ಸಾಕ್ಷಿ ಟ್ರಂಕಿನಲ್ಲಿತ್ತು. ಬಟ್ಟೆ ಗಂಟಿನೊಳಗೆ ಬೆಳ್ಳಗಿನ ಒಂದು ಪದಕ. ಒಂದು ಕಡೆ ರಾಜ ಆರನೇ ಜಾರ್ಜ್ ತಲೆ, ಇನ್ನೊಂದು ಕಡೆ ಎರಡು ತಲೆಯ ಡ್ರ್ಯಾಗನ್ ಮೇಲೆ ಕಾಲಿಟ್ಟು ನಿಂತ ಸಿಂಹ. 1939ರಿಂದ 1945ರವರೆಗಿನ ಯುದ್ಧದ ಪದಕ ಅದು. ಮಕ್ಕಳು ಆಟಕ್ಕೆ ತೆಗೆದುಕೊಂಡು ಅದರ ಮುಖ ಸವೆದಿತ್ತು. ಆದರೆ ಅಂಚು ಸವೆದಿರಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ತಿರುಗಿಸಿದಾಗ ಸಣ್ಣ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಕಂಡವು. ನಂಬರ್, ಸಿಪಾಯಿ, ತಾತನ ಹೆಸರು, ಮೈಸೂರು ಇನ್‌ಫೆಂಟ್ರಿ, ಅಂದರೆ ಮಹಾರಾಜರ ಕಾಲಾಳು ಪಡೆ. ಇಂಗ್ಲೆಂಡಿನ ಸೈನಿಕರಿಗೆ ಈ ಪದಕವನ್ನು ಹೆಸರು ಕೆತ್ತದೆ ಕೊಟ್ಟರು. ಭಾರತದ ಸೈನಿಕರಿಗೆ ಹೆಸರು ಹಾಕಿ ಕೊಟ್ಟರು. ನಮ್ಮಂಥವರಿಗೆ ಅದೊಂದು ಪುಣ್ಯ.

ಗಮನಿಸು, ಅಲ್ಲಿ ಸಿಪಾಯಿ ಅಂತಿದೆ, ಸಂಗೀತದ ಸುಳಿವೇ ಇಲ್ಲ. ಮನೆಯವರ ಬಾಯಲ್ಲಿ ಬರೀ ಬ್ಯಾಂಡ್, ಸರ್ಕಾರದ ಪದಕದಲ್ಲಿ ಬರೀ ಸಿಪಾಯಿ. ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಆ ಮನುಷ್ಯ ಕಾಣುತ್ತಾರೆ.

ಪಲ್ಟನ್ನಿನ ಹೆಸರು ಗೊತ್ತಾದ ಮೇಲೆ ಯುದ್ಧದ ಕಥೆ ತಾನಾಗಿ ಬಿಚ್ಚಿಕೊಂಡಿತು. ಒಂದನೇ ಮೈಸೂರು ಇನ್‌ಫೆಂಟ್ರಿಯನ್ನು ಸಿಂಗಪುರಕ್ಕೆ ಕಳಿಸಿದ್ದರು. ಸಂಸ್ಥಾನಗಳ ತುಕಡಿಗಳಿಗೆ ಅಲ್ಲಿ ಹೆಚ್ಚಾಗಿ ವಿಮಾನ ನಿಲ್ದಾಣ ಕಾಯುವ ಕೆಲಸ. ಜಪಾನಿನ ವಿಮಾನಗಳು ಮೊದಲು ಬಾಂಬ್ ಹಾಕುತ್ತಿದ್ದದ್ದೂ ಅಂಥ ಕಡೆಗೇ. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಎರಡು ದಿನದ ಮೇಲೆ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತದ ಸೈನಿಕರನ್ನೆಲ್ಲ ಸೇರಿಸಿ ಜಪಾನಿಯರ ಕೈಗೆ ಒಪ್ಪಿಸಿದರು. ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರದ ಸಾವಿರಾರು ಜನರನ್ನು ಕೂಲಿ ಕೆಲಸಕ್ಕೆ ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಸಾಗಿಸಿದರು. ಸಿಂಗಪುರ ಮತ್ತೆ ಬ್ರಿಟಿಷರ ಕೈಸೇರಿದ್ದು 1945ರ ಸೆಪ್ಟೆಂಬರಿನಲ್ಲಿ. ಅಷ್ಟು ಕಾಲ ಅಜ್ಜಿಗೆ ಗಂಡ ಬದುಕಿದ್ದಾರೋ ಇಲ್ಲವೋ ಅಂತ ಹೇಳುವವರಿರಲಿಲ್ಲ. ಕುಂಕುಮ ಅಳಿಸು ಅಂದವರನ್ನು ಅಜ್ಜಿ ಜೀವ ಇರೋವರೆಗೂ ಮಾತಾಡಿಸಲಿಲ್ಲವಂತೆ. ತಾತ ಬೌರಿಂಗ್‌ಪೇಟೆಯಲ್ಲಿ ರೈಲಿಳಿದು ಬಂದರು. ಈಗಿನ ಬಂಗಾರಪೇಟೆ ಅದೇ.

ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲೆ ಸಮಾಧಿಯೂ ಸಿಗದ 24 ಸಾವಿರಕ್ಕೂ ಜಾಸ್ತಿ ಜನರ ಹೆಸರಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಮನೆಯಲ್ಲೇ ಕೂತು ನೋಡಬಹುದು. ಎಷ್ಟೋ ಹೆಸರುಗಳ ಮುಂದೆ ತಂದೆಯ ಹೆಸರು, ಊರು ಕೂಡ ಬರೆದಿದ್ದಾರೆ. ತಾತನ ಜೊತೆಯವರು ಇವರಲ್ಲಿ ಯಾರು ಅಂತ ರಾತ್ರಿ ಹೊತ್ತು ಒಬ್ಬನೇ ಓದುತ್ತಾ ಕೂತರೆ ಎದೆ ಭಾರವಾಗುತ್ತದೆ. ಹೆಸರಿನ ವಿಷಯದಲ್ಲಿ ಮಾತ್ರ ಹುಷಾರಾಗಿರು. ನಮ್ಮ ಕೋಲಾರದ ಕಡೆ ಮುನಿ ಅಂತ ಶುರುವಾಗುವ ಹೆಸರು ಮನೆಗೊಂದು. ಬರೆದುಕೊಂಡ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಹೆಸರಿಗಿಂತ ನಂಬರನ್ನು, ತಂದೆಯ ಹೆಸರನ್ನು, ಊರನ್ನು ನಂಬು.

ಇನ್ನೊಂದು ದಾಖಲೆ ತಾಲ್ಲೂಕು ಕಚೇರಿಯದು. ಸೈನ್ಯದಿಂದ ಬಂದವರಿಗೆ ದರಖಾಸ್ತಿನಲ್ಲಿ ಜಮೀನು ಕೊಡುತ್ತಿದ್ದರು. ನಮ್ಮ ಎರಡು ಎಕರೆ ಬೆದ್ದಲು ಬಂದದ್ದು ಹಾಗೆ. ಸಾಗುವಳಿ ಚೀಟಿಯಲ್ಲಿ ಮಾಜಿ ಸೈನಿಕ ಅಂತ ಬರೆದಿದೆ. ಪಹಣಿ ಮಾತ್ರ ನೋಡಿದರೆ ಅದು ಕಾಣುವುದಿಲ್ಲ, ಹಳೇ ಚೀಟಿಯನ್ನೇ ಹುಡುಕಿಸು. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ಮೇಲೆ ಮದ್ರಾಸ್ ರೆಜಿಮೆಂಟಿಗೆ ಸೇರಿತು. ಅದರ ಕೇಂದ್ರ ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ. ನಂಬರ್ ಕೊಟ್ಟು ಅಲ್ಲಿಗೂ ಬರೆದಿದ್ದೇನೆ.

ಈಗ ನಿನಗೆ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಯುದ್ಧದ ಬಗ್ಗೆ ಏನೂ ಗೊತ್ತಿಲ್ಲ ಅಂದಿದ್ದ ದೊಡ್ಡಮ್ಮ, ಊರಿನ ಹೆರಿಗೆಯೊಂದರ ಕಥೆ ಹೇಳಿದರು. ಮಳೆಗಾಲ, ಹೆರಿಗೆ ಕಷ್ಟವಾಗಿದೆ, ಗಾಡಿ ಹೋಗುವ ಹಾಗಿಲ್ಲ. ತಾತ ಎರಡು ಬಿದಿರು ಗಳುವಿಗೆ ಕಂಬಳಿ ಬಿಗಿದು, ಆ ಹೆಂಗಸನ್ನು ಮಲಗಿಸಿ, ಮುಳಬಾಗಿಲು ಆಸ್ಪತ್ರೆಗೆ ಹೊರಡಿಸಿದರಂತೆ. ಹೊತ್ತ ಹುಡುಗರು ಲೆಫ್ಟ್ ರೈಟ್ ಅಂತ ಒಂದೇ ಹೆಜ್ಜೆ ಹಾಕಿದ್ದಕ್ಕೆ ತಾತ ಕಿರುಚಿದರಂತೆ: "ಹೆಜ್ಜೆ ಕೂಡಿಸಬೇಡ್ರೋ! ಮುಂದಿನವನು ಎಡಗಾಲು ಇಟ್ರೆ ಹಿಂದಿನವನು ಬಲಗಾಲು ಇಡ್ಲಿ!" ದಿನಾ ತಾಳಕ್ಕೆ ಕಾಲು ತಟ್ಟುವ ಮನುಷ್ಯ ಹೀಗೆ ಯಾಕೆ ಹೇಳಿದರು ಅಂತ ದೊಡ್ಡಮ್ಮನಿಗೆ ಆಗ ಅರ್ಥವಾಗಿರಲಿಲ್ಲ.

ಸ್ಟ್ರೆಚರ್ ಹೊರುವವರಿಗೆ ಕಲಿಸುವ ಮೊದಲ ಪಾಠವೇ ಅದು. ಇಬ್ಬರೂ ಒಂದೇ ಹೆಜ್ಜೆ ಹಾಕಿದರೆ ಸ್ಟ್ರೆಚರ್ ತೊಟ್ಟಿಲಿನಂತೆ ತೂಗಿ ಗಾಯಾಳುವಿಗೆ ನೋವಾಗುತ್ತದೆ. ಹೆಜ್ಜೆ ಮುರಿದು ನಡೆದರೆ ಅಲುಗಾಟ ಕಡಿಮೆ. ಸಿಂಗಪುರದಲ್ಲಿ ತಾತ ಏನು ಕೆಲಸ ಮಾಡಿದರು ಅನ್ನೋದಕ್ಕೆ ನನಗೆ ಇದಕ್ಕಿಂತ ದೊಡ್ಡ ದಾಖಲೆ ಬೇಡ. ಆ ಹೆಂಗಸು ಬದುಕಿದರು, ಮಗುವೂ ಉಳಿಯಿತು.

ನಿಮ್ಮ ಮುತ್ತಾತನ ದಾರಿ ಸ್ವಲ್ಪ ಬೇರೆ. ಮಹಾರಾಜರ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದವರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯವರ ಜೊತೆ ಸೇರಿ, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದವರು. ಕುದುರೆ ಪಡೆಯಲ್ಲಿ ಕಹಳೆ ಬರೀ ಪೆರೇಡಿನ ವಾದ್ಯವಲ್ಲ, ಹೊರಡು, ನಿಲ್ಲು, ನುಗ್ಗು ಅನ್ನೋ ಹುಕುಂ ಎಲ್ಲ ಅದರಲ್ಲೇ. ಬೆಂಗಳೂರಿನ ಜೆ.ಸಿ. ನಗರದ ಹತ್ತಿರ ಅವರ ಸ್ಮಾರಕವಿದೆ, ಆದರೆ ಅದು ಸತ್ತವರದು. ಬದುಕಿ ಬಂದವರನ್ನು ಅಲ್ಲಿ ಹುಡುಕಬೇಡ. ಆ ಯುದ್ಧದ ಪದಕಗಳ ಅಂಚಿನಲ್ಲೂ ಹೆಸರಿರುತ್ತದೆ. ನಿಮ್ಮ ಮನೆಯ ದೇವರ ಪೆಟ್ಟಿಗೆ, ಅಟ್ಟ ಎಲ್ಲ ನೋಡು. ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡ, ಹಾಗೇ ಫೋಟೊ ತೆಗೆ.

ಅದಕ್ಕೂ ಮೊದಲು ಚಿಂತಾಮಣಿಯ ನಿಮ್ಮ ಅಜ್ಜಿಯ ಹತ್ತಿರ ಹೋಗು. ಅವರಿಗೆ ತೊಂಬತ್ತು ಹತ್ತಿರ ಬಂತು ಅಂದೆ. ಯುದ್ಧದ ಬಗ್ಗೆ ಕೇಳಿದರೆ ಗೊತ್ತಿಲ್ಲ ಅಂತಲೇ ಹೇಳುತ್ತಾರೆ. ಅವರ ಮಾವ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಕುದುರೆ ಕಂಡರೆ ಏನು ಮಾಡುತ್ತಿದ್ದರು, ಮಕ್ಕಳನ್ನು ಆಡಿಸುವಾಗ ಬಾಯಲ್ಲಿ ಏನು ಊದುತ್ತಿದ್ದರು ಅಂತ ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ನಾನೂ ಬರುತ್ತೇನೆ, ಕೋಲಾರದಿಂದ ಬಸ್ಸು ಬೇಕಾದಷ್ಟಿವೆ. ಈ ತಿಂಗಳೇ ಆಗಲಿ, ಯಾವ ಭಾನುವಾರ ಅಂತ ತಿಳಿಸು.

ನಿನ್ನ ಗೆಳೆಯ