ಲಂಡನ್ ಒಂದೇ ಸಾಕು, ತಮ್ಮಾ

ತಮ್ಮಾ,

ನೀನು ಕಳಿಸಿದ ಟೂರ್ ಪ್ಲಾನ್ ನೋಡಿದೆ. ಹತ್ತು ದಿನ, ಐದು ದೇಶ, ಅದರಲ್ಲಿ ಲಂಡನ್‌ಗೆ ಒಂದೂವರೆ ದಿನ. ಬೇಡ. ನಿನ್ನ ಅವ್ವನನ್ನು, ಅಂದರೆ ನನ್ನ ವೈನಿಯನ್ನು (ಅತ್ತಿಗೆಯನ್ನು), ಮೊದಲ ಸಲ ಪರದೇಶಕ್ಕೆ ಕರೆದುಕೊಂಡು ಹೋಗ್ತಿದ್ದೀಯ. ದಿನಾ ಬೆಳಗ್ಗೆ ಎಬ್ಬಿಸಿ, ಬ್ಯಾಗ್ ಕಟ್ಟಿಸಿ, ಬಸ್ ಹತ್ತಿಸಿದರೆ ವೈನಿ ಏನು ನೋಡಿದಂತಾಯ್ತು? ಹತ್ತೂ ದಿನ ಲಂಡನ್‌ನಲ್ಲೇ ಇರಿ. ಉಳಿದ ದೇಶಗಳಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಬೇರೆ ಮಾಡಿಸಬೇಕು, ಅದರ ಖರ್ಚೂ ಉಳಿಯುತ್ತೆ.

ಬ್ರಿಟನ್ ವೀಸಾಕ್ಕೆ ಹೊರಡುವ 3 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ವೈನಿಯೂ ಬರಬೇಕು. ವೀಸಾ ಕೈಗೆ ಬರುವ ತನಕ ರದ್ದು ಮಾಡಲಾಗದ ಟಿಕೆಟ್ ಮಾತ್ರ ತಗೋಬೇಡ, ಎಷ್ಟೇ ಅಗ್ಗ ಇರಲಿ.

ಬೆಂಗಳೂರಿನಿಂದ ನೇರ ವಿಮಾನವನ್ನೇ ಹಿಡಿ. ಹತ್ತು ಗಂಟೆಯ ಮೇಲಾಗುತ್ತೆ, ಆದರೂ ನಡುವೆ ಇಳಿದು ಅಪರಾತ್ರಿಯಲ್ಲಿ ಇನ್ನೊಂದು ಗೇಟ್ ಹುಡುಕುವ ಕಷ್ಟ ಇರಲ್ಲ. ಬಾಗಲಕೋಟೆಯಿಂದ ರಾತ್ರಿ ರೈಲು ಹತ್ತಿ, ಬೆಳಗ್ಗೆ ಇಳಿದು ಸೀದಾ ವಿಮಾನಕ್ಕೆ ಓಡುವ ಲೆಕ್ಕ ಹಾಕಬೇಡ. ಒಂದು ದಿನ ಮೊದಲೇ ಬೆಂಗಳೂರು ಸೇರಿ. ಬೆಳಗಾವಿಯಿಂದ ಬೇರೆ ಟಿಕೆಟ್ ತಗೊಂಡು ಹಾರಿದರೂ ಇದೇ ಮಾತು. ಆ ವಿಮಾನ ತಡವಾಗಿ ಲಂಡನ್ನಿನದು ತಪ್ಪಿದರೆ ಯಾರೂ ಹೊಣೆ ಹೊರೋದಿಲ್ಲ.

ವೈನಿಗೆ ನಡುದಾರಿ ಪಕ್ಕದ ಸೀಟೇ ಇರಲಿ, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಅಷ್ಟು ಹೊತ್ತು ಕೂತರೆ ಕಾಲು ಬಾಯುತ್ತೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ಅವರು ನೀರು ಕುಡಿಯೋದಿಲ್ಲ, ನೀನೇ ಕುಡಿಸು. ವೀಲ್‌ಚೇರ್ ಬೇಕೆಂದು ಬುಕಿಂಗ್ ಮಾಡುವಾಗಲೇ ಹೇಳು. ಬೇಡ ಅಂತ ನಾಚಿಕೊಳ್ಳುತ್ತಾರೆ, ಅವರ ಮಾತು ಕೇಳಬೇಡ. ಬಿಪಿ ಗುಳಿಗೆ ಮತ್ತು ಡಾಕ್ಟರ್ ಚೀಟಿ ಕೈಚೀಲದಲ್ಲಿರಲಿ. ಪವರ್ ಬ್ಯಾಂಕ್ ಕೂಡ ಅದರಲ್ಲೇ.

ಜೂನ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆರಾದಾಗ ವೈನಿಗೆ ಇಲ್ಲಿನ ರಾತ್ರಿ ಹತ್ತೂವರೆಯ ನಿದ್ದೆ ಬಂದಿರುತ್ತೆ. ಹೊರಗೆ ಒಂಬತ್ತು ದಾಟಿದರೂ ಬೆಳಕು! ಮೊದಲ ದಿನ ಏನೂ ಇಟ್ಕೋಬೇಡ. ಹತ್ತಿರದ ಪಾರ್ಕಿನಲ್ಲಿ ಅಡ್ಡಾಡಿಸಿ, ಎಂಟರ ತನಕ ಎಚ್ಚರ ಇಟ್ಟು ಮಲಗಿಸು.

ಮರುದಿನ ಬಸವಣ್ಣನ ಹತ್ತಿರ ಕರೆದುಕೊಂಡು ಹೋಗು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ ಪ್ರತಿಮೆ. ಕಲಬುರಗಿ ಕಡೆಯವರೇ ಆದ, ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ ನೀರಜ್ ಪಾಟೀಲ್ ಮುಂದೆ ನಿಂತು ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ನದಿಯ ಆಚೆ ದಂಡೆಗೆ ಅವರ ಪಾರ್ಲಿಮೆಂಟ್. ಅನುಭವ ಮಂಟಪ ಕಟ್ಟಿದವರನ್ನು ಕೂರಿಸಲು ಇದಕ್ಕಿಂತ ಒಳ್ಳೆ ಜಾಗ ಸಿಗ್ತಿರಲಿಲ್ಲ, ಅಲ್ವಾ? ಕೂಡಲಸಂಗಮಕ್ಕೆ ವರ್ಷ ವರ್ಷ ತಪ್ಪದೆ ಹೋಗುವ ವೈನಿ ಅಲ್ಲಿ ಎಷ್ಟು ಹೊತ್ತು ಕೂರುತ್ತೇನೆ ಅಂದರೂ ಕೂರಲಿ, ಗಡಿಯಾರ ನೋಡಬೇಡ.

ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎರಡಕ್ಕೂ ಪ್ರವೇಶ ಉಚಿತ. ಅದಕ್ಕೇ ಒಂದೇ ದಿನ ಮುಗಿಸುವ ಹಟ ಬೇಡ, ಎರಡು ಗಂಟೆ ನೋಡಿ ಬಂದು ಇನ್ನೊಂದು ದಿನ ಮತ್ತೆ ಹೋಗಿ. ಎರಡನೆಯದರಲ್ಲಿ ಟಿಪ್ಪುವಿನ ಮರದ ಹುಲಿ ಇದೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಒಯ್ದದ್ದು. ಬಿಳಿ ಸಿಪಾಯಿಯ ಮೇಲೆ ಹುಲಿ ಎರಗಿದೆ. ಹಿಡಿ ತಿರುಗಿಸಿದರೆ ಅವನ ಕೈ ಏಳುತ್ತಿತ್ತು, ನರಳುವ ಸದ್ದೂ ಬರುತ್ತಿತ್ತು. ಹುಲಿಯ ಪಕ್ಕೆಯೊಳಗೆ ಪುಟ್ಟ ಆರ್ಗನ್ ವಾದ್ಯ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಕೆತ್ತನೆ ಕಲ್ಲುಗಳನ್ನು ಬಿಡಬೇಡ.

ಮೆಟ್ರೊಗಿಂತ ಬಸ್ಸೇ ಒಳ್ಳೆಯದು. ಅನೇಕ ಸ್ಟೇಷನ್‌ಗಳಲ್ಲಿ ಲಿಫ್ಟ್ ಇಲ್ಲ, ವೈನಿ ಮೊಣಕಾಲಿಗೆ ಆ ಮೆಟ್ಟಿಲು ಆಗದು. ಬಸ್ಸಿನಲ್ಲಿ ನಗದು ತಗೊಳ್ಳೋದಿಲ್ಲ, ಮುಟ್ಟಿಸಿ ಹಣ ಕೊಡುವ ಕಾರ್ಡ್ ಒಬ್ಬೊಬ್ಬರಿಗೆ ಒಂದೊಂದು ಬೇಕು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಧಾರಾಳ ಕಟ್ಟಿಕೊಳ್ಳಿ. ತುಪ್ಪ, ಪೇಡೆ, ಕುಂದಾ ಬೇಡ. ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವ ಹಾಗಿಲ್ಲ.

ರವಿವಾರ ಬರುವಾಗ ಇಬ್ಬರ ಪಾಸ್‌ಪೋರ್ಟ್ ತಾ. ಟಿಕೆಟ್‌ನಲ್ಲಿ ವೈನಿ ಹೆಸರು ಅದರಲ್ಲಿದ್ದ ಹಾಗೇ ಇರಬೇಕು, ಒಂದಕ್ಷರ ಆಚೀಚೆ ಆಗಬಾರದು. ಇಬ್ಬರೂ ಕೂತು ನೋಡಿಯೇ ಬುಕ್ ಮಾಡೋಣ.

ನಿನ್ನ ಕಾಕಾ
ಬಾಗಲಕೋಟೆ