ಗೇರ್ ಸೆಟ್ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಈ ತಿಂಗಳಿಂದ ಎಲ್ಲ ಸೈಕಲ್‌ಗೂ ಒಂದೇ ಗೇರ್ ಸೆಟ್ ಹಾಕುವುದನ್ನು ನಿಲ್ಲಿಸಿದ್ದೇವೆ. ಕಾಲುದಾರಿ, ನಾಲೆ ಏರಿಯಲ್ಲಿ ತುಳಿಯುವವರಿಗೆ ಮುಂದೆ 32 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲುಚಕ್ರ), ಹಿಂದೆ 11-51ರ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು. ಅತಿ ಚಿಕ್ಕದಕ್ಕೆ 11, ಅತಿ ದೊಡ್ಡದಕ್ಕೆ 51 ಹಲ್ಲು). ಲಗೇಜ್ ಕಟ್ಟಿ ಊರೂರು ಸುತ್ತುವವರಿಗೆ ಮುಂದೆ ಮೂರು ರಿಂಗ್ (48-36-26), ಹಿಂದೆ 9 ಸ್ಪೀಡಿನ, ಅಂದರೆ 9 ಹಲ್ಲುಚಕ್ರಗಳ 11-36.

ನಮ್ಮಿಂದ ತಪ್ಪಾಗಿದೆ. ಟೂರಿಂಗ್‌ನವರಿಗೂ ಮುಂದೆ 38ರ ಒಂದೇ ರಿಂಗ್, ಹಿಂದೆ 11-42 ಹಾಕಿಕೊಟ್ಟೆವು. ಮೈಸೂರಿನ ಸುತ್ತಮುತ್ತ ಅದು ಚೆನ್ನಾಗಿಯೇ ಓಡಿತು. ಲಗೇಜ್ ಹೊತ್ತು ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಏರಿದವರಿಗೆ ಆ ಗೇರ್ ಭಾರವಾಗಿ ಮಂಡಿ ನೋವು ಬಂತು. ಕ್ಷಮಿಸಿ. ಅಂಥವರ ಸೈಕಲ್‌ಗೆ ಲೇಬರ್ ಚಾರ್ಜ್ ಇಲ್ಲದೆ ಗೇರ್ ಬದಲಿಸಿಕೊಡುತ್ತೇವೆ.

ಆದರೆ ಒಂದು ಮಾತು ದಿನಾ ಕೇಳಿ ಬೇಜಾರಾಗಿದೆ. "21 ಗೇರ್ ಕಿತ್ತು 11 ಗೇರ್ ಹಾಕಿ ದುಡ್ಡು ಜಾಸ್ತಿ ತಗೋತಾರೆ." ಸ್ವಲ್ಪ ಲೆಕ್ಕ ನೋಡಿ. ಆ 21 ಗೇರಿನ ಹಳೇ ಸೆಟ್‌ನಲ್ಲಿ ಮುಂದೆ 42-34-24ರ ಮೂರು ರಿಂಗ್, ಹಿಂದೆ 14-28ರ ಏಳು ಹಲ್ಲುಚಕ್ರ. ಅದರಲ್ಲಿ ಮುಂದಿನ 42ಕ್ಕೆ ಹಿಂದಿನ 28 ಹಾಕಿದರೂ, 24ಕ್ಕೆ 16 ಹಾಕಿದರೂ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೂವರೆ ಸುತ್ತು. ಎರಡು ಗೇರ್, ಕೆಲಸ ಒಂದೇ. ಇಂಥವು ಇನ್ನೂ ಇವೆ. ಅತಿ ಹಗುರ ಗೇರ್ 24ಕ್ಕೆ 28, ಅಂದರೆ 0.86 ಸುತ್ತು. ಹೊಸದರಲ್ಲಿ 32ಕ್ಕೆ 51, ಅಂದರೆ 0.63. ಅತಿ ವೇಗದ ಗೇರಿನಲ್ಲಿ ಹಳೆಯದು 3 ಸುತ್ತು, ಹೊಸದು 2.9. ಏರಿಗೆ ಸಿಕ್ಕಿದ್ದು ಜಾಸ್ತಿ, ಕಳಕೊಂಡಿದ್ದು ಸ್ವಲ್ಪವೇ ಅಲ್ವಾ? ಕೆಸರಿನಲ್ಲಿ ಕೈಕೊಡುವ ಮುಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಕೂಡ ಇರುವುದಿಲ್ಲ.

ಇನ್ನು ಖರ್ಚು. ಹಳೇ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಹಳೇ ಬಗೆಯ ಗೊಂಚಲು) ಚಕ್ರದ ನಡುವಿನ ಹಬ್‌ಗೆ ತಿರುಪಿನ ಹಾಗೆ ಕೂರುತ್ತದೆ. ಕ್ಯಾಸೆಟ್ ಹಾಗೆ ಕೂರುವುದಿಲ್ಲ, ಹಬ್ಬೇ ಬೇರೆ ಬೇಕು. ಹಬ್ ಬದಲಾದರೆ ಕಡ್ಡಿಗಳನ್ನೆಲ್ಲ ಬಿಚ್ಚಿ ಚಕ್ರವನ್ನೇ ಹೊಸದಾಗಿ ಕಟ್ಟಬೇಕು. ಜೊತೆಗೆ ಗೇರ್ ಬದಲಿಸುವ ಶಿಫ್ಟರ್, ಉದ್ದ ಕೈಯ ಡಿರೈಲರ್, ತೆಳ್ಳನೆಯ 11 ಸ್ಪೀಡ್ ಚೈನ್. ಬಿಲ್ ನೋಡಿದವರಿಗೆ ಕಾಣುವುದು ಕ್ಯಾಸೆಟ್ ಒಂದೇ. ಚಕ್ರ ಕಟ್ಟಿ, ಓಲಾಟ ತೆಗೆಯಲು ನಮ್ಮ ಹುಡುಗರು ಕೂತ ಹೊತ್ತು ಯಾರಿಗೂ ಕಾಣುವುದಿಲ್ಲ. ಅವರು ಕಟ್ಟಿದ ಚಕ್ರದ ಬಗ್ಗೆ ನಮಗೆ ಹೆಮ್ಮೆಯಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್, ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಅದನ್ನು ಅಂದಿನಿಂದಲೇ ಬಿಲ್‌ನಲ್ಲಿ ಪೂರ್ತಿ ಇಳಿಸಿದ್ದೇವೆ, ಬೇಕಾದರೆ ಹಳೇ ಬಿಲ್ ತಂದು ಹೋಲಿಸಿ.

ನಿಮ್ಮ ಹಳೇ ಗೇರ್ ಚೆನ್ನಾಗಿದ್ದರೆ ಸುಮ್ನೆ ಬದಲಿಸಬೇಡಿ. ಹಾಗಂತ ನಾವೇ ಹೇಳಿ ಕಳಿಸುತ್ತೇವೆ. ಅನುಮಾನವಿದ್ದರೆ ಅಂಗಡಿಯ ಸೈಕಲ್ ತಗೊಂಡು ಚಾಮುಂಡಿ ಬೆಟ್ಟ ಹತ್ತಿ ನೋಡಿ. ಬಾಡಿಗೆ ಬೇಡ. ಬೆಳಗ್ಗೆ ಬೇಗ ಬನ್ನಿ, ಬಿಸಿಲೇರುವ ಮುಂಚೆ ಮೇಲೆ ಹೋಗಿ ಬರಬಹುದು.

ಇಂತಿ,
ನಿಮ್ಮ ಸೈಕಲ್ ಅಂಗಡಿಯವರು, ಮೈಸೂರು